ಒಬ್ಬರನ್ನೇ ಪದೇ ಪದೇ ಕೇಳುವ ಆಪ್: ಎಂ-ಪಾತ್ ಬಳಸಿ ನೋಡಿದ ಅನುಭವ

ಎಂ-ಪಾತ್ ಅನ್ನೋದು ಫೋನಿಗೆ ಹಾಕಿಕೊಳ್ಳುವ ಒಂದು ಆಪ್. ದಿನಕ್ಕೆ ಕೆಲವು ಸಲ ಸದ್ದು ಮಾಡಿ, ಈಗ ಹೇಗಿದ್ದೀರಿ, ಏನು ಮಾಡ್ತಾ ಇದ್ದೀರಿ ಅಂತ ಕೇಳುತ್ತದೆ. ನಾವು ಉತ್ತರ ಒತ್ತಿ ನಮ್ಮ ಕೆಲಸಕ್ಕೆ ಹೋಗಬಹುದು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಸಂಶೋಧಕರು ಕಟ್ಟಿದ್ದು ಇದು. ಸಂಶೋಧಕರಿಗೆ ಮತ್ತು ಆಪ್ತ ಸಮಾಲೋಚಕರಿಗೆ ಅಂತಲೇ ಮಾಡಿದ್ದು. ಯಾವ ಪ್ರಶ್ನೆ ಕೇಳಬೇಕು, ಎಷ್ಟು ಹೊತ್ತಿಗೆ ಕೇಳಬೇಕು, ದಿನಕ್ಕೆ ಎಷ್ಟು ಸಲ ಕೇಳಬೇಕು ಅನ್ನೋದನ್ನೆಲ್ಲ ನಾವೇ ಬರೆದು ಇಡಬಹುದು. ನನಗೆ ಇದು ಇಷ್ಟವಾದದ್ದು ಈ ಒಂದು ಕಾರಣಕ್ಕೆ.

ನಾನು ದಾವಣಗೆರೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತೇನೆ. ಮನಶ್ಶಾಸ್ತ್ರದಲ್ಲಿ ಎಂ.ಎ. ಆಗಿದೆ. ಮದುವೆ ಆದಮೇಲೆ ಅತ್ತೆ ಮನೆಯವರ ಇನ್‌ಸ್ಟಿಟ್ಯೂಟ್ ನೋಡಿಕೊಳ್ಳಬೇಕಾಗಿ ಬಂತು, ಇಲ್ಲೇ ಉಳಿದೆ. ಓದಿದ್ದು ಮರೆತಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರನ್ನು ವರ್ಷಗಟ್ಟಲೆ ನೋಡಿದ ಮೇಲೆ, ಓದಿದ್ದರ ಮೇಲಿನ ಆಸೆ ಇನ್ನೂ ಜಾಸ್ತಿ ಆಗಿದೆ. ಎದುರಿಗೆ ಕೂತವರ ಬೆರಳು, ಬೆನ್ನು, ಉಸಿರು ಎಲ್ಲ ದಿನಾ ಕಾಣುತ್ತೆ ಅಲ್ವಾ. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಹೊಂದೋದಿಲ್ಲ ಅನ್ನೋದೂ ಕಾಣುತ್ತೆ.

ಈ ಆಪ್ ಹುಡುಕಿಕೊಂಡು ಹೋಗುವುದಕ್ಕೆ ಮುಂಚೆ ದುಡ್ಡು ಕೊಟ್ಟು ಒಂದು ಪರ್ಸನಾಲಿಟಿ ರಿಪೋರ್ಟ್ ಮಾಡಿಸಿದ್ದೆ. ಯಾವ ಕಂಪನಿ ಅಂತ ಹೇಳೋದಿಲ್ಲ, ಅಂಥವು ಬೇಕಾದಷ್ಟಿವೆ. ನೂರಾರು ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆ ಬಣ್ಣ ಬಣ್ಣದ ಪಿಡಿಎಫ್ ಬಂತು. ನನ್ನ ಆತಂಕದ ಸ್ವಭಾವ ಬಹುಪಾಲು ಜನರಿಗಿಂತ ಜಾಸ್ತಿ ಅಂತ ಒಂದು ಪಟ್ಟಿ. ನನ್ನ ಶಿಸ್ತು ಕೂಡ ಬಹುಪಾಲು ಜನರಿಗಿಂತ ಜಾಸ್ತಿ ಅಂತ ಇನ್ನೊಂದು ಪಟ್ಟಿ. ಅದರ ಕೆಳಗೆ ಸಲಹೆ: ಚೆನ್ನಾಗಿ ನಿದ್ದೆ ಮಾಡಿ, ಪ್ರಾಣಾಯಾಮ ಮಾಡಿ, ಕೆಲಸವನ್ನು ಭಾಗ ಮಾಡಿಕೊಳ್ಳಿ. ರಿಪೋರ್ಟ್ ಸುಳ್ಳು ಅಂತ ನಾನು ಹೇಳೋದಿಲ್ಲ. ಸಾಲಿನಲ್ಲಿ ನಾನು ಎಲ್ಲಿ ನಿಂತಿದ್ದೇನೆ ಅನ್ನೋದನ್ನು ಅದು ಹೇಳಿತು. ಆದರೆ ನನಗೆ ಬೇಕಿದ್ದದ್ದು ಬೇರೆ. ನನಗೆ ಆತಂಕ ಯಾವಾಗ ಏರುತ್ತೆ? ಏರೋಕೆ ಮುಂಚೆ ಏನಾಗಿರುತ್ತೆ? ಏರಿದ್ದು ಹೇಗೆ ಇಳಿಯುತ್ತೆ? ಈ ಮೂರಕ್ಕೂ ಆ ರಿಪೋರ್ಟಿನಲ್ಲಿ ಉತ್ತರ ಇರಲಿಲ್ಲ. ಇರೋಕೆ ಸಾಧ್ಯವೂ ಇಲ್ಲ. ಒಂದೇ ಸಲ ಕೇಳಿ, ಸಾವಿರಾರು ಜನರ ಜೊತೆ ಹೋಲಿಸಿ ಕೊಟ್ಟ ಉತ್ತರ ಅದು.

ಮನಶ್ಶಾಸ್ತ್ರದಲ್ಲಿ ಇದು ಹಳೇ ಜಗಳ. 1894ರಲ್ಲಿ ಜರ್ಮನಿಯ ತತ್ವಜ್ಞಾನಿ ವಿಲ್‌ಹೆಲ್ಮ್ ವಿಂಡೆಲ್‌ಬಾಂಡ್ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿದ. ಎಲ್ಲಕ್ಕೂ ಅನ್ವಯಿಸುವ ನಿಯಮ ಹುಡುಕುವುದು ಒಂದು ದಾರಿ. ಒಮ್ಮೆ ಮಾತ್ರ ಆಗಿಹೋದದ್ದನ್ನು, ಅದರಂಥದ್ದು ಇನ್ನೊಂದಿಲ್ಲ ಅನ್ನುವಂಥದ್ದನ್ನು ಪೂರ್ತಿಯಾಗಿ ಅರಿಯುವುದು ಇನ್ನೊಂದು ದಾರಿ. ಮೊದಲನೆಯದಕ್ಕೆ ನೊಮೊಥೆಟಿಕ್ ಅಂತ, ಎರಡನೆಯದಕ್ಕೆ ಇಡಿಯೊಗ್ರಾಫಿಕ್ ಅಂತ ಹೆಸರಿಟ್ಟ. ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ 1937ರಲ್ಲಿ ಈ ಎರಡು ಮಾತುಗಳನ್ನು ವ್ಯಕ್ತಿತ್ವದ ಅಧ್ಯಯನಕ್ಕೆ ತಂದರು. ಬರೀ ನಿಯಮ ಹುಡುಕುತ್ತಾ ಕೂತರೆ ಮನುಷ್ಯನೇ ಕೈತಪ್ಪಿ ಹೋಗುತ್ತಾನೆ ಅನ್ನೋದು ಅವರ ಕಳಕಳಿ. ಹಾಗಂತ ಅವರು ಲೆಕ್ಕಾಚಾರದ ವಿರೋಧಿ ಆಗಿರಲಿಲ್ಲ. 1936ರಲ್ಲಿ ಹೆನ್ರಿ ಓಡ್ಬರ್ಟ್ ಜೊತೆ ಸೇರಿ, ಇಂಗ್ಲಿಷ್ ನಿಘಂಟಿನಿಂದ ಮನುಷ್ಯರ ಸ್ವಭಾವ ಹೇಳುವ 17,953 ಪದಗಳನ್ನು ಹೆಕ್ಕಿ ಪಟ್ಟಿ ಮಾಡಿದ್ದು ಅವರೇ. ನನಗೆ ಬಂದ ಬಣ್ಣದ ಪಿಡಿಎಫ್‌ನ ಅಜ್ಜ ಆ ಪಟ್ಟಿ. ಅದೇ ಆಲ್‌ಪೋರ್ಟ್ ಮುಂದೆ, ಹೆಸರು ಬದಲಿಸಿ ಜೆನ್ನಿ ಅಂತ ಅವರು ಕರೆದ ಒಬ್ಬ ತಾಯಿ ಬರೆದ 301 ಪತ್ರಗಳನ್ನು ಇಟ್ಟುಕೊಂಡು ಆ ಒಬ್ಬಳನ್ನೇ ಅರ್ಥ ಮಾಡಿಕೊಳ್ಳೋಕೆ ಕೂತರು. ಒಬ್ಬ ಮನುಷ್ಯ ಎರಡೂ ಕೆಲಸ ಮಾಡಿದ್ದು ನನಗೆ ತುಂಬಾ ಹಿಡಿಸುತ್ತೆ.

ನಮ್ಮಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಕಲಿತವರು. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಅನ್ನೋ ಹೆಸರಿನ ರೇಡಿಯೋ ಕೇಂದ್ರ ಶುರು ಮಾಡಿದವರೂ ಇವರೇ. ಸ್ಪಿಯರ್‌ಮನ್ ಅಂದರೆ ತುಂಬಾ ಜನರ ಅಂಕಗಳನ್ನು ಒಟ್ಟಿಗೆ ಇಟ್ಟು, ಎಲ್ಲದರ ಹಿಂದೆ ಇರುವ ಒಂದು ಸಾಮಾನ್ಯ ಬುದ್ಧಿಶಕ್ತಿಯನ್ನು ಹುಡುಕಿದವರು. ಹಾಗಾಗಿ ನಮ್ಮ ಕಡೆಯ ಮನಶ್ಶಾಸ್ತ್ರಕ್ಕೂ ಗುಂಪಿನ ಲೆಕ್ಕ ಮೊದಲಿಂದಲೇ ಪರಿಚಯ. ನಾವು ಓದುವಾಗಲೂ ಟಿ-ಟೆಸ್ಟ್, ಕೋರಿಲೇಷನ್, ಎರಡು ಗುಂಪಿನ ಸರಾಸರಿ ಅಂತ ಗುಂಪಿನ ಲೆಕ್ಕಗಳಲ್ಲೇ ಡೆಸರ್ಟೇಶನ್ ಬರೆದೆವು. ಒಬ್ಬರನ್ನು ಇಟ್ಟುಕೊಂಡು ಬರೆಯುತ್ತೀನಿ ಅಂದವರಿಗೆ, ಸ್ಯಾಂಪಲ್ ಸಾಲದು ಅಂತ ಗೈಡ್ ವಾಪಸ್ ಕಳಿಸುತ್ತಿದ್ದರು.

ಈಗ ಆಪ್ ವಿಷಯಕ್ಕೆ ಬರ್ತೀನಿ.

ಸೆಟಪ್ ಮಾಡಲು ಕಂಪ್ಯೂಟರ್ ಬೇಕು. ವೆಬ್‌ನಲ್ಲಿ ಡ್ಯಾಶ್‌ಬೋರ್ಡ್ ಇದೆ. ಅಲ್ಲಿ ಪ್ರಶ್ನೆ ಬರೆದು, ಸಮಯ ಗೊತ್ತು ಮಾಡಿದರೆ, ಉತ್ತರ ಕೊಡುವವರ ಫೋನಿಗೆ ಅದು ಹೋಗುತ್ತೆ. ನಾನು ಡ್ಯಾಶ್‌ಬೋರ್ಡ್ ಇಂಗ್ಲಿಷಿನಲ್ಲೇ ಬಳಸಿದೆ. ಪ್ರಶ್ನೆಗಳನ್ನು ಮಾತ್ರ ಕನ್ನಡದಲ್ಲಿ ಟೈಪ್ ಮಾಡಿದೆ, ಫೋನಿನಲ್ಲಿ ಒತ್ತಕ್ಷರ ಒಡೆಯದೆ ಚೆನ್ನಾಗಿ ಬಂತು. ಇದು ಟೈಪಿಂಗ್ ಕಲಿಸುವವರ ಕಣ್ಣಿಗೆ ಮೊದಲು ಬೀಳುವ ವಿಷಯ. ಉತ್ತರಕ್ಕೆ ಸ್ಲೈಡರ್ ಇಡಬಹುದು, ಆಯ್ಕೆಗಳನ್ನು ಕೊಡಬಹುದು, ಇಲ್ಲವೇ ಬರೆಯೋಕೆ ಖಾಲಿ ಜಾಗ ಬಿಡಬಹುದು. ಮೊದಲ ಸಲ ಕೂತಾಗ ಸ್ವಲ್ಪ ತಲೆ ಬಿಸಿ ಆಗುತ್ತೆ, ಯಾಕಂದರೆ ಆಯ್ಕೆಗಳು ತುಂಬಾ. ಸಂಶೋಧಕರಿಗೆ ಬೇಕಾದದ್ದನ್ನೆಲ್ಲ ತುಂಬಿದ್ದಾರೆ. ಒಂದು ಸಂಜೆ ನಿಧಾನವಾಗಿ ಕೂತರೆ ಹಿಡಿತಕ್ಕೆ ಬರುತ್ತೆ.

ಸಮಯ ಇಡುವುದರಲ್ಲಿ ಒಂದು ಒಳ್ಳೆ ಅನುಕೂಲ ಇದೆ. ಸರಿಯಾಗಿ ಹತ್ತು ಗಂಟೆಗೆ ಕೇಳು ಅನ್ನುವ ಬದಲು, ಹತ್ತರಿಂದ ಹನ್ನೆರಡರ ಒಳಗೆ ಯಾವಾಗಲಾದರೂ ಕೇಳು ಅಂತ ಇಡಬಹುದು. ಹಾಗೆ ಇಟ್ಟರೆ ಜನ ಮೊದಲೇ ಕಾದು ಕೂತು ತಯಾರಾಗಿ ಉತ್ತರ ಕೊಡೋದಿಲ್ಲ. ಈ ಉಪಾಯ ಹೊಸದಲ್ಲ. 1970ರ ದಶಕದಲ್ಲೇ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಮತ್ತು ಅವರ ಜೊತೆಗಾರರು ಶಿಕಾಗೋ ಕಡೆಯ ಹೈಸ್ಕೂಲ್ ಮಕ್ಕಳಿಗೆ ಪೇಜರ್ ಕೊಟ್ಟು, ಅದು ಕೂಗಿದಾಗ ಕೈಲಿದ್ದ ಪುಸ್ತಕದಲ್ಲಿ ಉತ್ತರ ತುಂಬಿ ಅಂತ ಹೇಳಿದ್ದರು. ವಾರದ ಕೊನೆಯಲ್ಲಿ ನೆನಪು ಮಾಡಿಕೊಂಡು ಹೇಳುವುದಕ್ಕೂ, ಆ ಕ್ಷಣದಲ್ಲೇ ಹೇಳುವುದಕ್ಕೂ ವ್ಯತ್ಯಾಸ ಇದೆ. ಶನಿವಾರ ಕೇಳಿದರೆ, ವಾರ ಪೂರ್ತಿ ಟೆನ್ಷನ್ ಇತ್ತು ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. ಆವಾಗಾವಾಗ ಕೇಳಿದರೆ ಮಂಗಳವಾರ ಮಧ್ಯಾಹ್ನ ಆರಾಮಾಗಿದ್ದದ್ದು ಗೊತ್ತಾಗುತ್ತೆ.

ಮೊದಲು ನನ್ನ ಮೇಲೇ ಹಾಕಿಕೊಂಡೆ. ಆಮೇಲೆ ಪರೀಕ್ಷೆಗೆ ತಯಾರಾಗುತ್ತಿದ್ದ ಕೆಲವರಿಗೆ, ಹದಿನೆಂಟು ದಾಟಿದವರಿಗೆ ಮಾತ್ರ, ಒಪ್ಪಿದರೆ ಹಾಕಿಕೊಟ್ಟೆ. ಇಲ್ಲಿ ಒಬ್ಬಳು ಹುಡುಗಿಯ ವಿಷಯ ಹೇಳಬೇಕು. ಹೆಸರು ಹೇಳೋದಿಲ್ಲ, ಅವಳ ಒಪ್ಪಿಗೆ ತಗೊಂಡೇ ಬರೀತಾ ಇದ್ದೀನಿ.

ಸೀನಿಯರ್‌ಗೆ ಕಟ್ಟಿದ್ದಳು. ಹಗಲು ಬಟ್ಟೆ ಅಂಗಡಿಯಲ್ಲಿ ಕೆಲಸ, ಸಂಜೆ ಇಲ್ಲಿ ಕ್ಲಾಸು. ಸ್ಪೀಡ್ ಚೆನ್ನಾಗಿತ್ತು. ಆದರೆ ಕೆಲವು ದಿನ ಪೇಪರ್ ತುಂಬಾ ಕೆಂಪು ಗೆರೆ. ಅಕ್ಷರ ಬಿಟ್ಟುಹೋಗೋದು, ಸಾಲೇ ಹಾರಿಹೋಗೋದು. "ಮೇಡಂ, ನಂಗೆ ಟೆನ್ಷನ್ ಜಾಸ್ತಿ, ಅದಕ್ಕೇ ತಪ್ಪಾಗುತ್ತೆ" ಅಂತಿದ್ದಳು. ಮನೆಯವರೂ ಅದನ್ನೇ ಹೇಳಿ ಹೇಳಿ ಅವಳ ತಲೆಗೆ ತುಂಬಿದ್ದರು. ಪುಸ್ತಕವೂ ಸುಮಾರಾಗಿ ಅದನ್ನೇ ಹೇಳುತ್ತೆ. 1908ರ ಯರ್ಕ್ಸ್ ಮತ್ತು ಡಾಡ್ಸನ್ ನಿಯಮ ಅಂತ ನಾವೆಲ್ಲ ಓದಿದ್ದೇವೆ. ಉದ್ವೇಗ ತೀರಾ ಕಡಿಮೆ ಇದ್ದರೂ ಕೆಲಸ ಕೆಡುತ್ತೆ, ತೀರಾ ಜಾಸ್ತಿ ಆದರೂ ಕೆಡುತ್ತೆ, ನಡುವೆ ಎಲ್ಲೋ ಒಂದು ಕಡೆ ಚೆನ್ನಾಗಿರುತ್ತೆ ಅನ್ನೋದು ಅದರ ಸಾರ. ಅವರು ಪ್ರಯೋಗ ಮಾಡಿದ್ದು ಡಾನ್ಸಿಂಗ್ ಮೈಸ್ ಅನ್ನೋ ಪುಟ್ಟ ಇಲಿಗಳ ಮೇಲೆ, ವಿದ್ಯುತ್ ಶಾಕ್ ಕೊಟ್ಟು. ನಿಯಮ ಬೇಡ ಅಂತ ಅಲ್ಲ. ಆದರೆ ಈ ಹುಡುಗಿಗೆ ಆ ನಡು ಜಾಗ ಎಲ್ಲಿದೆ? ಅದನ್ನು ನಿಯಮ ಹೇಳೋದಿಲ್ಲ. ಅವಳನ್ನೇ ಕೇಳಬೇಕು, ಪದೇ ಪದೇ ಕೇಳಬೇಕು.

ಪ್ರಶ್ನೆಗಳನ್ನು ಅವಳ ಜೊತೆ ಕೂತೇ ಬರೆದೆವು. ಟೆನ್ಷನ್ ಅಂದರೆ ನಿನಗೆ ಏನಾಗುತ್ತಮ್ಮ ಅಂತ ಕೇಳಿದೆ. "ಕೈ ತಣ್ಣಗಾಗುತ್ತೆ ಮೇಡಂ, ಬೆರಳ ತುದಿ" ಅಂದಳು. ಹಾಗಾದರೆ ಪ್ರಶ್ನೆಯೂ ಅದೇ: ಈಗ ಬೆರಳು ಎಷ್ಟು ತಣ್ಣಗಿದೆ? ಅದರ ಜೊತೆ, ಎಷ್ಟು ಸುಸ್ತಾಗಿದೆ, ಮಧ್ಯಾಹ್ನ ಊಟ ಆಯ್ತಾ, ಅಂಗಡಿಯಲ್ಲಿ ಇವತ್ತು ರಶ್ ಇತ್ತಾ ಅಂತ ಇನ್ನು ಕೆಲವು. ಇನ್ನೊಬ್ಬ ಹುಡುಗ ಬಂದ, ಅವನಿಗೆ ಟೆನ್ಷನ್ ಆದರೆ ಕೈಗೆ ಏನೂ ಆಗೋದಿಲ್ಲ, ಹೊಟ್ಟೆ ತಿರುವುತ್ತೆ. ಅವನ ಪ್ರಶ್ನೆ ಬೇರೆ. ಎಲ್ಲರಿಗೂ ಒಂದೇ ಪ್ರಶ್ನೆ ಹಾಕಿ ಹೋಲಿಸುವ ಪದ್ಧತಿಯಲ್ಲಿ ಇದು ಆಗೋದಿಲ್ಲ. ಇಲ್ಲಿ ಹೋಲಿಸುವುದು ಅವಳ ಸೋಮವಾರವನ್ನು ಅವಳ ಬುಧವಾರದ ಜೊತೆ.

ಸಂಜೆ ಕ್ಲಾಸಿನಲ್ಲಿ ಅವಳು ಹೊಡೆದ ಪೇಪರಿನ ತಪ್ಪು ಎಣಿಸಿ ನಾನು ಪಕ್ಕದಲ್ಲಿ ಬರೆದಿಡುತ್ತಿದ್ದೆ. ಆಪ್‌ನಿಂದ ಉತ್ತರಗಳನ್ನು ಫೈಲಾಗಿ ಇಳಿಸಿಕೊಳ್ಳಬಹುದು. ಎರಡನ್ನೂ ಎಕ್ಸೆಲ್‌ನಲ್ಲಿ ಅಕ್ಕಪಕ್ಕ ಇಟ್ಟು ಗ್ರಾಫಿನ ಒಂದು ಗೆರೆ ಎಳೆದು ನೋಡಿದೆವು. ಬೆರಳು ತಣ್ಣಗಿದೆ ಅಂತ ಹೇಳಿದ ದಿನಗಳಲ್ಲಿ ಅವಳ ತಪ್ಪು ಜಾಸ್ತಿ ಇರಲಿಲ್ಲ. ಸ್ವಲ್ಪ ಕಡಿಮೆಯೇ ಇತ್ತು. ತಪ್ಪು ಏರಿದ್ದು ಮಧ್ಯಾಹ್ನ ಊಟ ತಪ್ಪಿಸಿ, ಅಂಗಡಿಯಿಂದ ನೇರ ಇಲ್ಲಿಗೆ ಬಂದ ದಿನಗಳಲ್ಲಿ. ಅವಳು ಸ್ಕ್ರೀನ್ ಕಡೆ ಸುಮಾರು ಹೊತ್ತು ನೋಡಿದಳು. "ಹಾಗಾದ್ರೆ ಹೆದರಿಕೆ ಆದ್ರೂ ಪರವಾಗಿಲ್ವಾ ಮೇಡಂ?" ಅಂದಳು. ಪರವಾಗಿಲ್ಲ, ಆದರೆ ಏನಾದರೂ ತಿಂದು ಬಾ ಅಂದೆ. ಮಾರನೇ ದಿನದಿಂದ ಬ್ಯಾಗಿನಲ್ಲಿ ಡಬ್ಬಿ ತರೋಕೆ ಶುರು ಮಾಡಿದಳು. ಕ್ಲಾಸಿಗೆ ಮುಂಚೆ ಮೆಟ್ಟಿಲ ಮೇಲೆ ಕೂತು ಮಂಡಕ್ಕಿನೋ ಚಪಾತಿನೋ ತಿಂದು ಬರುತ್ತಿದ್ದಳು. ಹುಡುಗನ ಕಥೆ ತದ್ವಿರುದ್ಧ. ಅವನಿಗೆ ಹೊಟ್ಟೆ ತಿರುವಿದ ದಿನ ನಿಜವಾಗಿಯೂ ತಪ್ಪು ಜಾಸ್ತಿ. ಊಟಕ್ಕೂ ಅದಕ್ಕೂ ಸಂಬಂಧವೇ ಕಾಣಲಿಲ್ಲ. ಇಬ್ಬರನ್ನೂ ಸೇರಿಸಿ ಸರಾಸರಿ ತೆಗೆದಿದ್ದರೆ, ಟೆನ್ಷನ್ನಿಗೂ ತಪ್ಪಿಗೂ ಸಂಬಂಧ ಇಲ್ಲ ಅಂತ ಬರುತ್ತಿತ್ತೇನೋ. ಅದು ಇಬ್ಬರಲ್ಲಿ ಯಾರಿಗೂ ಸರಿಯಾದ ಮಾತಲ್ಲ.

ಟೈಪಿಂಗ್ ಬಗ್ಗೆ ಮನಶ್ಶಾಸ್ತ್ರದಲ್ಲಿ ಒಂದು ಹೆಸರುವಾಸಿ ಉದಾಹರಣೆಯೇ ಇದೆ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದ ಎಲೆನ್ ಹಮಾಕರ್ ಕೊಟ್ಟದ್ದು. ಅದನ್ನು ಓದಿದಾಗ, ಇವರು ನಮ್ಮಂಥ ಇನ್‌ಸ್ಟಿಟ್ಯೂಟ್‌ನಲ್ಲಿ ಕೂತು ನೋಡಿದ್ದಾರೇನೋ ಅನಿಸಿತು. ತುಂಬಾ ಜನ ಟೈಪಿಸ್ಟರನ್ನು ಒಟ್ಟಿಗೆ ನೋಡಿದರೆ, ಸ್ಪೀಡ್ ಇರುವವರದ್ದು ತಪ್ಪು ಕಡಿಮೆ. ಕಾರಣ ಸುಲಭ, ಅವರು ಜಾಸ್ತಿ ಅಭ್ಯಾಸ ಮಾಡಿದವರು. ಅದನ್ನು ನೋಡಿ ಹೊಸಬರಿಗೆ, ಸ್ಪೀಡಾಗಿ ಹೊಡಿ, ತಪ್ಪು ಕಡಿಮೆ ಆಗುತ್ತೆ ಅಂತ ಹೇಳಿದರೆ? ಪೇಪರ್ ಹಾಳು. ಒಬ್ಬರೇ ತಮ್ಮ ಮಾಮೂಲಿಗಿಂತ ವೇಗವಾಗಿ ಹೊಡೆದಾಗ ತಪ್ಪು ಏರುತ್ತೆ. ಎ ಎಸ್ ಡಿ ಎಫ್ ಹೊಡೆಯೋಕೆ ಶುರು ಮಾಡಿದ ಮೊದಲ ವಾರದವರಿಗೂ ಇದು ಗೊತ್ತು. ಗುಂಪಿನಲ್ಲಿ ಒಂದು ದಿಕ್ಕಿಗೆ ಓಡುವ ಸಂಬಂಧ, ಒಬ್ಬರೊಳಗೆ ಉಲ್ಟಾ ಓಡುತ್ತೆ. ಎರಡೂ ನಿಜ. ಒಂದರಿಂದ ಇನ್ನೊಂದನ್ನು ಊಹಿಸೋಕೆ ಹೋದಾಗ ಮಾತ್ರ ಕೆಡುತ್ತೆ. ಇದನ್ನು ನಮ್ಮ ಮಕ್ಕಳಿಗೆ ಎರಡೇ ನಿಮಿಷದಲ್ಲಿ ಹೇಳಬಹುದು, ಆದರೆ ಎಂ.ಎ. ಕ್ಲಾಸಿನಲ್ಲಿ ನಮಗೆ ಯಾರೂ ಹೇಳಿರಲಿಲ್ಲ ಅನ್ನೋದು ನನಗೆ ಈಗಲೂ ಬೇಸರ.

ಯಾಕೆ ಹೀಗೆ ಅಂತ ಗಣಿತದ ಕಡೆಯಿಂದ ಗಟ್ಟಿಯಾಗಿ ಹೇಳಿದವರು ಪೀಟರ್ ಮೊಲೆನಾರ್. 2004ರಲ್ಲಿ ಅವರು ಬರೆದ ಲೇಖನ ಒಂದು ಘೋಷಣೆಯ ಥರ ಇದೆ. ಗುಂಪಿನಲ್ಲಿ ಕಂಡದ್ದು ಒಬ್ಬರೊಳಗೂ ಹಾಗೇ ಇರಬೇಕಾದರೆ ಎರಡು ಷರತ್ತು. ಎಲ್ಲರೊಳಗೂ ಅದು ಒಂದೇ ರೀತಿ ನಡೆಯುತ್ತಿರಬೇಕು. ಕಾಲ ಕಳೆದರೂ ಅದರ ರೀತಿ ಬದಲಾಗಬಾರದು. ಕಲಿಯುವವರು, ಬೆಳೆಯುವವರು, ಕಾಯಿಲೆ ಬಿದ್ದು ಹುಷಾರಾಗುವವರು ಇದರಲ್ಲಿ ಎಲ್ಲಿ ಬರುತ್ತಾರೆ ಹೇಳಿ. ಆರನ್ ಫಿಶರ್ ಮತ್ತು ಅವರ ಜೊತೆಗಾರರು 2018ರಲ್ಲಿ, ಹೀಗೆ ಒಬ್ಬೊಬ್ಬರನ್ನೂ ಪದೇ ಪದೇ ಕೇಳಿ ಕೂಡಿಸಿದ ಮಾಹಿತಿ ಇಟ್ಟುಕೊಂಡು ಇದನ್ನು ಪರೀಕ್ಷೆಗೇ ಹಚ್ಚಿದರು. ಸರಾಸರಿಗಳು ಎರಡೂ ಕಡೆ ಸುಮಾರಾಗಿ ಹತ್ತಿರ ಬಂದವು. ಆದರೆ ಏರಿಳಿತದ ಹರವು ಒಬ್ಬೊಬ್ಬರೊಳಗೆ, ಗುಂಪಿನಲ್ಲಿ ಕಂಡದ್ದಕ್ಕಿಂತ ಎರಡರಿಂದ ನಾಲ್ಕು ಪಟ್ಟು ಜಾಸ್ತಿ ಇತ್ತು. ಅಂದರೆ ಗುಂಪನ್ನು ನೋಡಿ ಒಬ್ಬರ ಬಗ್ಗೆ ಇಷ್ಟು ಖಚಿತವಾಗಿ ಹೇಳಬಹುದು ಅಂತ ನಾವು ಅಂದುಕೊಂಡಿರುತ್ತೇವಲ್ಲ, ಆ ಖಚಿತತೆಯೇ ಅತಿಯಾದದ್ದು.

ಒಬ್ಬರನ್ನು ಮಾತ್ರ ನೋಡಿದರೆ ವಿಜ್ಞಾನ ಆಗೋದಿಲ್ಲ ಅನ್ನುವವರಿಗೆ ನನ್ನ ಉತ್ತರ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್. ಅವರು ಅರ್ಥವಿಲ್ಲದ ಅಕ್ಷರ ಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ತಾವೇ ಎಷ್ಟು ಮರೆತೆ ಅಂತ ಅಳೆದು, 1885ರಲ್ಲಿ ಪ್ರಕಟಿಸಿದರು. ಪ್ರಯೋಗಕ್ಕೆ ಒಳಗಾದದ್ದು ಒಬ್ಬರೇ, ಅವರೇ. ನೆನಪು ಮೊದಮೊದಲು ಜೋರಾಗಿ ಇಳಿದು ಆಮೇಲೆ ನಿಧಾನವಾಗಿ ಇಳಿಯುತ್ತೆ ಅನ್ನುವ ಗೆರೆ ಇವತ್ತಿಗೂ ಪಿಯುಸಿ ಪುಸ್ತಕದವರೆಗೂ ಬಂದಿದೆ. 2015ರಲ್ಲಿ ಯಾಪ್ ಮುರ್ರೆ ಮತ್ತು ಯೂರಿ ಡ್ರೋಸ್ ಅದನ್ನು ಮತ್ತೆ ಮಾಡಿ ನೋಡಿದರು. ಅದರಲ್ಲೂ ಕೂತು ಕಲಿತದ್ದು ಒಬ್ಬರೇ, ಸುಮಾರು 70 ಗಂಟೆ. ಗೆರೆ ಹೆಚ್ಚುಕಡಿಮೆ ಹಾಗೇ ಬಂತು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಕೂಡ ಒಂದೊಂದೇ ಪ್ರಾಣಿಯನ್ನು ದಿನಗಟ್ಟಲೆ ನೋಡಿದವರು. ಹಾಗಾಗಿ ಒಬ್ಬರನ್ನು ನೋಡುವುದಕ್ಕೂ ನಿಯಮ ಹುಡುಕುವುದಕ್ಕೂ ಹಗೆತನ ಇಲ್ಲ. ಮೊದಲು ಒಬ್ಬರನ್ನು ಸರಿಯಾಗಿ ನೋಡಿ, ಆಮೇಲೆ ಇನ್ನೊಬ್ಬರನ್ನು, ಇನ್ನೊಬ್ಬರನ್ನು ನೋಡಿ, ಎಲ್ಲರಲ್ಲೂ ಒಂದೇ ಥರ ಕಂಡದ್ದೇನು ಅಂತ ಕೇಳುವುದು ಒಂದು ಕ್ರಮ. ಎಲ್ಲರನ್ನೂ ಮೊದಲೇ ಕಲಸಿಬಿಟ್ಟು ಸರಾಸರಿ ತೆಗೆಯೋದು ಬೇರೆ ಕ್ರಮ. ನನಗೆ ಮೊದಲನೆಯದು ಸರಿ ಅನಿಸುತ್ತೆ.

ಹಾಗಂತ ಗುಂಪಿನ ಸಂಶೋಧನೆ ಬೇಡ ಅನ್ನೋ ಮಾತು ನನ್ನದಲ್ಲ. ಊಟ, ನಿದ್ದೆ, ದಣಿವು ಇವನ್ನೇ ಯಾಕೆ ಕೇಳಿದೆ? ಇವು ಮನುಷ್ಯರ ಕೆಲಸದ ಮೇಲೆ ಪರಿಣಾಮ ಮಾಡುತ್ತವೆ ಅಂತ ಯಾರೋ ನೂರಾರು ಜನರನ್ನು ನೋಡಿ ಹೇಳಿಟ್ಟಿದ್ದಾರೆ. ಯಾವ ಪ್ರಶ್ನೆ ಕೇಳಬೇಕು ಅನ್ನೋದನ್ನು ನಿಯಮ ಹೇಳುತ್ತೆ. ಉತ್ತರ ಆ ಮನುಷ್ಯ ಹೇಳಬೇಕು. ಒಂದು ಔಷಧಿ ಕೆಲಸ ಮಾಡುತ್ತೋ ಇಲ್ಲವೋ, ಸರ್ಕಾರ ಯಾವ ಕಾರ್ಯಕ್ರಮಕ್ಕೆ ದುಡ್ಡು ಹಾಕಬೇಕು ಅನ್ನುವಲ್ಲೆಲ್ಲ ಗುಂಪಿನ ಲೆಕ್ಕವೇ ಬೇಕು.

ಈ ರೀತಿ ಪದೇ ಪದೇ ಕೇಳುವುದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ನೆದರ್‌ಲ್ಯಾಂಡ್ಸ್‌ನ ಒಬ್ಬರ ಕಥೆ ಇದೆ. ಖಿನ್ನತೆ ಬಂದು ಹೋಗಿದ್ದ 57 ವರ್ಷದವರು. ಮಾತ್ರೆಯನ್ನು ಹಂತ ಹಂತವಾಗಿ ಕಡಿಮೆ ಮಾಡುವಾಗ, ದಿನಕ್ಕೆ ಹತ್ತು ಸಲದವರೆಗೆ, ಒಟ್ಟು 239 ದಿನ, ತಮ್ಮ ಮನಸ್ಸಿನ ಸ್ಥಿತಿ ದಾಖಲು ಮಾಡಿದರು. ಮರೀಕೆ ವಿಖರ್ಸ್ ಮತ್ತು ಜೊತೆಗಾರರು 2016ರಲ್ಲಿ ಅದನ್ನು ಪ್ರಕಟಿಸಿದರು. ಖಿನ್ನತೆ ಮರಳುವುದಕ್ಕೆ ಮುಂಚೆಯೇ ಅವರ ಏರಿಳಿತದ ರೀತಿಯಲ್ಲಿ ಬದಲಾವಣೆ ಕಂಡಿತ್ತು. ಕೆಳಗೆ ಬಿದ್ದ ಮನಸ್ಸು ಮೇಲೇಳಲು ಮೊದಲಿಗಿಂತ ಹೆಚ್ಚು ಹೊತ್ತು ತಗೊಳ್ಳೋಕೆ ಶುರುವಾಗಿತ್ತು. ಇದು ಒಬ್ಬರ ಕಥೆ. ಎಲ್ಲರಿಗೂ ಹೀಗೇ ಮೊದಲೇ ಸೂಚನೆ ಸಿಗುತ್ತೆ ಅಂತ ಇದರಿಂದ ಹೇಳೋಕೆ ಬರೋದಿಲ್ಲ. ಆದರೆ ಎಲ್ಲಿ ನೋಡಬೇಕು ಅನ್ನೋದನ್ನು ಅವರು ತೋರಿಸಿದರು. ಅಷ್ಟು ತಾಳ್ಮೆಯಿಂದ ತಮ್ಮನ್ನೇ ಗಮನಿಸಿಕೊಂಡ ಆ ಮನುಷ್ಯರ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ತೊಂದರೆಗಳೂ ಇವೆ, ಹೇಳಿಬಿಡ್ತೀನಿ.

ಕೆಲವು ಫೋನುಗಳು ಬ್ಯಾಟರಿ ಉಳಿಸಲು ಹೋಗಿ ಆಪ್‌ಗಳನ್ನು ಮಲಗಿಸಿಬಿಡುತ್ತವೆ. ಆಗ ಸದ್ದು ಬರೋದೇ ಇಲ್ಲ. ಫೋನ್ ಸೆಟ್ಟಿಂಗ್‌ನಲ್ಲಿ ಬ್ಯಾಟರಿ ನಿರ್ಬಂಧ ತೆಗೆದ ಮೇಲೆ ನಮ್ಮಲ್ಲಿ ಸರಿಹೋಯಿತು. ಕೆಲಸದ ಜಾಗದಲ್ಲಿ ಫೋನ್ ಮುಟ್ಟೋಕೆ ಬಿಡದವರಿಗೆ ಇದು ಕಷ್ಟ. ಬಟ್ಟೆ ಅಂಗಡಿ ಹುಡುಗಿಗೆ ಹಗಲಿನ ಸದ್ದನ್ನು ಊಟದ ಬಿಡುವಿನ ಹೊತ್ತಿಗೆ ಹೊಂದಿಸಬೇಕಾಯಿತು. ಹಾಗೆ ಮಾಡಿದ್ದರಿಂದ ಅಂಗಡಿ ತುಂಬಿ ತುಳುಕುವ ಹೊತ್ತಿನಲ್ಲಿ ಅವಳು ಹೇಗಿರುತ್ತಾಳೆ ಅನ್ನೋದು ನಮಗೆ ಸಿಗಲೇ ಇಲ್ಲ. ಉತ್ತರ ಬಾರದೆ ಹೋದ ಹೊತ್ತು ಕೂಡ ಒಂದು ಮಾಹಿತಿ, ಅದನ್ನು ಮರೆಯಬಾರದು.

ಎರಡನೆಯದು ಬೇಸರ. ಮೊದಲ ವಾರ ಹುರುಪು ಇರುತ್ತೆ. ಆಮೇಲೆ ಸ್ಲೈಡರನ್ನು ನಡುವೆ ಎಲ್ಲೋ ಎಳೆದು ಮುಗಿಸೋಣ ಅನಿಸುತ್ತೆ. ಪ್ರಶ್ನೆ ಕಡಿಮೆ ಇಟ್ಟರೆ ಇದು ತಡೆಯುತ್ತೆ. ಹುಡುಗಿಗೆ ಬರೆದ ಪ್ರಶ್ನೆಗಳಲ್ಲಿ, ಒಂದಷ್ಟು ದಿನ ಆದಮೇಲೆ ಉಪಯೋಗಕ್ಕೆ ಬಾರದವನ್ನು ತೆಗೆದುಹಾಕಿದೆವು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಗೆರೆ ಕಂಡ ಕೂಡಲೇ ಅದೇ ಕಾರಣ ಅಂತ ಹೇಳೋಕೆ ಮನಸ್ಸು ಹಾತೊರೆಯುತ್ತೆ. ಊಟ ತಪ್ಪಿದ ದಿನ ಅಂಗಡಿಯಲ್ಲಿ ರಶ್ ಕೂಡ ಇರುತ್ತೆ, ಕಾಲೂ ನೋಯುತ್ತಿರುತ್ತೆ. ಯಾವುದರಿಂದ ತಪ್ಪಾಯಿತು? ಅದಕ್ಕೇ ಡಬ್ಬಿ ತರೋಕೆ ಶುರು ಮಾಡಿದ ಮೇಲೂ ಅವಳನ್ನು ಕೇಳುತ್ತಲೇ ಇದ್ದೆವು. ರಶ್ ಇದ್ದು, ತಿಂದು ಬಂದ ದಿನಗಳಲ್ಲಿ ಕೆಂಪು ಗೆರೆ ಕಡಿಮೆ ಆದದ್ದು ಕಂಡ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಇನ್ನೂ ಗಟ್ಟಿಯಾಗಿ ತಿಳಿಯಬೇಕಾದರೆ, ಕೆಲವು ದಿನ ಡಬ್ಬಿ ಬಿಟ್ಟು ಬಾ ಅಂತ ಹೇಳಿ ನೋಡಬೇಕು. ಹಸಿದ ಹುಡುಗಿಗೆ ಹಾಗೆ ಹೇಳೋಕೆ ನನಗೆ ಮನಸ್ಸಿಲ್ಲ, ಹೇಳಲೂ ಇಲ್ಲ.

ಯಾವಾಗಲೂ ತಮ್ಮ ಬಗ್ಗೆಯೇ ಯೋಚಿಸಿ ಕೊರಗುವ ಸ್ವಭಾವದವರು ಒಬ್ಬರೇ ಇದನ್ನು ಹಾಕಿಕೊಳ್ಳೋದು ಬೇಡ. ದಿನಕ್ಕೆ ಐದು ಸಲ, ಬೇಜಾರಾಗಿದೆಯಾ ಅಂತ ಕೇಳಿಸಿಕೊಂಡರೆ ಕೆಲವರಿಗೆ ಅದೇ ಭಾರ. ಅಂಥವರು ಆಪ್ತ ಸಮಾಲೋಚಕರ ಜೊತೆ ಸೇರಿಯೇ ಬಳಸಲಿ. ಇದು ಚಿಕಿತ್ಸೆ ಅಲ್ಲ. ನಿಜವಾಗಿ ಕಷ್ಟದಲ್ಲಿರುವವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಖಾಸಗಿತನದ ವಿಷಯದಲ್ಲಿ ನಾನು ಮಾಡಿದ್ದು ಇಷ್ಟು: ಯಾರ ನಿಜವಾದ ಹೆಸರನ್ನೂ ಹಾಕಲಿಲ್ಲ, ಅಡ್ಡಹೆಸರು ಇಟ್ಟೆವು. ಮನೆ ಜಗಳದಂಥ ವಿಷಯ ಕೇಳಲಿಲ್ಲ. ಸಾಕು ಅಂದ ದಿನ ನಿಲ್ಲಿಸಬಹುದು ಅಂತ ಮೊದಲೇ ಹೇಳಿದ್ದೆ. ಒಬ್ಬ ಹಾಗೆ ನಿಲ್ಲಿಸಿದ, ಯಾಕೆ ಅಂತ ನಾನು ಕೇಳಲಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡ್ತೀನಿ. ಒಂದು ಅಂಕ ಕಡಿಮೆ ಮಾಡಿದ್ದು, ಹೊಸಬರಿಗೆ ಸೆಟಪ್ ಕಷ್ಟ ಅನ್ನೋ ಕಾರಣಕ್ಕೆ. ಮಕ್ಕಳಿಗೆ ಕಲಿಸುವವರು, ಸಂಗೀತ ಹೇಳಿಕೊಡುವವರು, ಓಟಗಾರರನ್ನು ತಯಾರು ಮಾಡುವವರು, ಒಬ್ಬೊಬ್ಬರ ಜೊತೆ ದಿನಗಟ್ಟಲೆ ಕೆಲಸ ಮಾಡುವ ಯಾರಿಗಾದರೂ ಇದು ಉಪಯೋಗಕ್ಕೆ ಬರುತ್ತೆ. ಮನಶ್ಶಾಸ್ತ್ರ ಎಂ.ಎ. ಓದುತ್ತಿರುವವರಂತೂ ಒಮ್ಮೆ ತಮ್ಮ ಮೇಲೇ ಹಾಕಿಕೊಂಡು ನೋಡಲೇಬೇಕು. ಡೆಸರ್ಟೇಶನ್‌ಗೆ ಇನ್ನೂರು ಜನರಿಂದ ಒಂದೊಂದು ಫಾರ್ಮ್ ತುಂಬಿಸುವ ಬದಲು, ಐದು ಜನರಿಂದ ನಲವತ್ತು ನಲವತ್ತು ಸಲ ಉತ್ತರ ತಗೊಂಡರೆ ಏನು ಕಾಣುತ್ತೆ ಅಂತ ಗೈಡ್ ಹತ್ತಿರ ಕೇಳಿ ನೋಡಿ.

ಶುರು ಮಾಡುವವರು ಮೂರೇ ಪ್ರಶ್ನೆ ಇಡಿ, ದಿನಕ್ಕೆ ಮೂರು ನಾಲ್ಕು ಸಲ ಸಾಕು. ಒಂದು ಪ್ರಶ್ನೆ ಮೈಯ ಬಗ್ಗೆ ಇರಲಿ, ಒಂದು ಮನಸ್ಸಿನ ಬಗ್ಗೆ, ಒಂದು ಆ ಹೊತ್ತಿಗೆ ಎಲ್ಲಿದ್ದೀರಿ ಅನ್ನೋದರ ಬಗ್ಗೆ. ಮಾತುಗಳನ್ನು ಪುಸ್ತಕದಿಂದ ತಗೊಳ್ಳಬೇಡಿ, ಉತ್ತರ ಕೊಡುವವರ ಬಾಯಿಂದಲೇ ಬರಲಿ. ಮತ್ತೆ, ಕನಿಷ್ಠ ಎರಡು ವಾರ ಆಗೋವರೆಗೆ ಗೆರೆ ಎಳೆಯೋಕೆ ಹೋಗಬೇಡಿ. ನಾನು ಬರೆದಿಟ್ಟ ಕನ್ನಡ ಪ್ರಶ್ನೆಗಳು ಯಾರಿಗಾದರೂ ಬೇಕಿದ್ದರೆ ಕೇಳಿ, ಕೊಡ್ತೀನಿ.